ಕ್ಲೋಜರ್ ಚಾಟ್‌ನಾಗ ಸಿಕ್ಕ ಉತ್ತರ ಕಳಕೊಂಡೀನಿ, ನೀವೆಲ್ಲಾ ಹೆಂಗ ಉಳಿಸಿಕೊಂತೀರಿ?

ಉಳ್ಳಾಗಡ್ಡಿ_ಹುಬ್ಬಳ್ಳಿ
ನಮಸ್ಕಾರ್ರಿ ಎಲ್ಲಾರಿಗೂ. ಎಂಟು ತಿಂಗಳಿಂದ ಕ್ಲೋಜರ್ ಅನ್ನೋ ಪ್ರೋಗ್ರಾಮಿಂಗ್ ಭಾಷಾ ಕಲಿಯಾಕತ್ತೀನಿ. ಆಫೀಸಿನ್ಯಾಗ ಜಾವಾ, ಮನಿಗೆ ಬಂದು ಊಟ ಆದಮ್ಯಾಲೆ ಇದು. ನಮ್ಮ ಊರಾಗ ಈ ಭಾಷಾ ಬರೆಯೋರು ನನಗಂತೂ ಒಬ್ರೂ ಸಿಕ್ಕಿಲ್ರಿ, ಹಿಂಗಾಗಿ ಎಲ್ಲ್ಯರ ಸಿಕ್ಕೊಂಡ್ರ ಚಾಟ್ ಒಂದ ಗತಿ.

ವಿಷಯ ಏನಂದ್ರ, ಎಪಿಎಂಸಿ ಉಳ್ಳಾಗಡ್ಡಿ ದರದ್ದೊಂದು ದೊಡ್ಡ ಸಿಎಸ್‌ವಿ ಫೈಲ್ ಓದೋ ಕೋಡ್ ಬರ್ದಿದ್ದೆ. ವಿತ್-ಓಪನ್ (ಕೆಲಸ ಮುಗಿದ ಮ್ಯಾಲೆ ಫೈಲ್ ತಾನ ಮುಚ್ಚೋ ಬ್ಲಾಕ್) ಒಳಗ ಫೈಲ್ ತಗದು, ಲೈನ್-ಸೀಕ್ (ಫೈಲಿನ ಸಾಲುಗಳ ಪಟ್ಟಿ) ಮ್ಯಾಲೆ ಮ್ಯಾಪ್ (ಒಂದೊಂದ ಸಾಲಿಗೂ ಅದ ಕೆಲಸ ಮಾಡೋದು) ಹಾಕಿ ಹೊರಗ ಕಳಿಸಿದ್ರ 'ಸ್ಟ್ರೀಮ್ ಕ್ಲೋಸ್ಡ್' ಅಂತ ಎರರ್. ವಿಚಿತ್ರ ಏನಂದ್ರ, ಒಳಗ ಆ ಸಾಲುಗಳನ್ನೆಲ್ಲಾ ಪ್ರಿಂಟ್ ಮಾಡಿದ್ರ ಎಲ್ಲಾ ಸರಿ ನಡೀತಿತ್ತು, ಪ್ರಿಂಟ್ ತಗದ್ರ ಮತ್ತ ಎರರ್! ಎರಡು ರಾತ್ರಿ ನಿದ್ದಿ ಇಲ್ಲ. ಕಡೀಕ ಒಂದು ಸಣ್ಣ ಚಾಟ್ ಗ್ರೂಪಿನ್ಯಾಗ ಕೇಳಿದೆ. ಹತ್ತು ನಿಮಿಷದಾಗ ಫಿನ್‌ಲ್ಯಾಂಡಿನವರೊಬ್ರು ಬಂದು ಮುಕ್ಕಾಲು ತಾಸು ಕೂತು, ಒಂದೊಂದ ಸಾಲು ಬರೆಸಿ, ನನ್ನ ಕೈಯಾಗ ಓಡಿಸಿ ತೋರಿಸಿದ್ರು. ನಮ್ಮ ಕಾಲೇಜಿನ್ಯಾಗ ನಾಕು ವರ್ಷ ಯಾರೂ ನನಗ ಅಷ್ಟು ಸಮಾಧಾನದಿಂದ ಹೇಳಿಕೊಟ್ಟಿರ್ಲಿಲ್ರಿ. ಖರೇ ಹೇಳ್ತೀನಿ, ಕಣ್ಣಾಗ ನೀರು ಬಂತು.

ಈಗ ನಾಕು ತಿಂಗಳ ಮ್ಯಾಲೆ ಇನ್ನೊಂದು ಕಡೆ ಅದ ಎರರ್. ಹೋಗಿ ಹುಡುಕಿದ್ರ ಆ ಮಾತುಕತಿ ಇಲ್ಲ, ಮ್ಯಾಲಿಂದೆಲ್ಲಾ ಹೋಗೇತಿ. ಗೂಗಲ್ ಮಾಡಿದ್ರೂ ಬರಂಗಿಲ್ಲ. ಮತ್ತ ಅವರನ್ನ ಕೇಳಾಕ ನಾಚಿಕಿ. ದೊಡ್ಡ ಭಾಷಾಕ್ಕಾದ್ರ ಸ್ಟ್ಯಾಕ್ ಓವರ್‌ಫ್ಲೋ ಅನ್ನೋ ಪ್ರಶ್ನೋತ್ತರ ಸೈಟ್ ತುಂಬ ಉತ್ತರ ಅದಾವು, ನಮ್ಮಂಥಾ ಸಣ್ಣ ಭಾಷಾದವರದು ಎಲ್ಲಾ ಚಾಟಿನ್ಯಾಗ ಹರದು ಹೋಗ್ತೈತಿ. ನೀವು ಏನ್ ಮಾಡ್ತೀರಿ?

ಆವರಣ77
ಮೊದ್ಲು ನಿಮ್ಮ ಎರರ್ ಮುಗ್ಸೋಣ, ಚಾಟ್ ಬಗ್ಗೆ ಆಮೇಲೆ ಜಗಳ ಆಡೋಣ.

ಕ್ಲೋಜರ್‌ನಲ್ಲಿ ಮ್ಯಾಪ್ ಲೇಜಿ. ನೀವು ಮ್ಯಾಪ್ ಬರೆದಾಗ ಕೆಲಸ ಆಗಲ್ಲ, 'ಬೇಕಾದಾಗ ಮಾಡ್ಕೊಡ್ತೀನಿ' ಅಂತ ಒಂದು ಚೀಟಿ ಸಿಗತ್ತೆ ಅಷ್ಟೆ. ವಿತ್-ಓಪನ್ ಬ್ಲಾಕ್ ಮುಗಿದ ತಕ್ಷಣ ಫೈಲ್ ಮುಚ್ಚತ್ತೆ. ನೀವು ಆ ಚೀಟಿ ಹಿಡ್ಕೊಂಡು ಹೊರಗಡೆಯಿಂದ ಸಾಲು ಕೇಳಿದ್ರೆ, ರೇಷನ್ ಅಂಗಡಿ ಬಾಗಿಲು ಹಾಕಿದ ಮೇಲೆ ಕಾರ್ಡ್ ತಗೊಂಡು ಹೋದ ಹಾಗೆ. ಒಳಗಡೆ ಪ್ರಿಂಟ್ ಮಾಡಿದಾಗ ಯಾಕೆ ಸರಿ ಹೋಯ್ತು ಅಂದ್ರೆ, ಪ್ರಿಂಟ್ ಮಾಡೋಕೆ ಎಲ್ಲಾ ಸಾಲೂ ಬೇಕಲ್ಲ, ಅಂಗಡಿ ತೆಗೆದಿರೋವಾಗ್ಲೇ ಎಲ್ಲಾ ತರಿಸ್ಕೊಂಡಂಗಾಯ್ತು. ಒಂದ್ಸಲ ಬಂದಿದ್ದು ಮೆಮೊರಿಯಲ್ಲಿ ಉಳಿಯತ್ತೆ, ಅದಕ್ಕೆ ಆಮೇಲೂ ಎರರ್ ಬರಲ್ಲ.

ಟೆಸ್ಟ್_ಬರೀರಿ
ಡೂಆಲ್ ಹಾಕಿ. ಮುಗೀತು.

ಆವರಣ77
@ಟೆಸ್ಟ್_ಬರೀರಿ ಮುಗಿಯಲ್ಲ ಗುರು, 'ದೊಡ್ಡ ಫೈಲ್' ಅಂತ ಅವರೇ ಬರೆದಿದ್ದಾರೆ. ಡೂಆಲ್ ಹಾಕಿದ್ರೆ ಅಷ್ಟೂ ಸಾಲು ಒಟ್ಟಿಗೆ ಮೆಮೊರಿಗೆ ಬರತ್ತೆ. ಸಣ್ಣ ಫೈಲಿಗೆ ಸರಿ. ದೊಡ್ಡದಿದ್ರೆ ಲೆಕ್ಕಾಚಾರವನ್ನೇ ವಿತ್-ಓಪನ್ ಒಳಗೆ ತಗೊಂಡು ಹೋಗಿ ರೆಡ್ಯೂಸ್ ಮಾಡಿ (ಒಂದೊಂದೇ ಸಾಲು ಸೇರಿಸ್ತಾ ಒಂದೇ ಉತ್ತರಕ್ಕೆ ಇಳಿಸೋದು), ಹೊರಗೆ ಬರೋದು ಕೊನೇ ಉತ್ತರ ಮಾತ್ರ ಇರ್ಲಿ. ದಿನದ ಸರಾಸರಿ ದರ ಬೇಕಾ? ಆ ಸರಾಸರಿ ಮಾತ್ರ ಹೊರಗೆ ಬರ್ಬೇಕು, ಸಾಲುಗಳಲ್ಲ.

ಉಳ್ಳಾಗಡ್ಡಿ_ಹುಬ್ಬಳ್ಳಿ
ಹೌದ್ರಿ ಹೌದ್ರಿ! ಅವರೂ ರೆಡ್ಯೂಸ್ ಅಂತನ ಹೇಳಿದ್ದು, ಈಗ ನೆನಪಾತು. ಇವತ್ತ ರಾತ್ರಿ ಮಾಡಿ ನೋಡ್ತೀನಿ.

ಹಳೇ_ಐಆರ್‌ಸಿ
ನಿಮ್ಮ ಫಿನ್‌ಲ್ಯಾಂಡ್ ಕಥೆ ಓದಿ ನನಗೆ ನಾನು ಹಾಸ್ಕೆಲ್ ಅನ್ನೋ ಇನ್ನೊಂದು ಸಣ್ಣ ಭಾಷೆ ಕಲೀತಿದ್ದ ದಿನಗಳು ನೆನಪಾದವು. ಮೈಸೂರಲ್ಲಿ ಸೈಬರ್ ಕೆಫೆಗೆ ಗಂಟೆಗೆ ಇಷ್ಟು ಅಂತ ಕೊಟ್ಟು ಕೂತ್ಕೊಂಡು ಫ್ರೀನೋಡ್ ಅನ್ನೋ ಐಆರ್‌ಸಿ (ಹಳೇ ಕಾಲದ ಟೆಕ್ಸ್ಟ್ ಚಾಟ್) ನೆಟ್‌ವರ್ಕಿನ ಹಾಸ್ಕೆಲ್ ಚಾನೆಲ್‌ಗೆ ಹೋಗ್ತಿದ್ದೆ. ಅಲ್ಲಿ ಲ್ಯಾಂಬ್ಡಾಬಾಟ್ ಅಂತ ಒಂದು ಬಾಟ್ (ತಾನೇ ಉತ್ತರ ಕೊಡೋ ಪ್ರೋಗ್ರಾಂ) ಇತ್ತು, ಈಗಲೂ ಇದೆ. ಚಾನೆಲ್‌ನಲ್ಲೇ ಒಂದು ಎಕ್ಸ್‌ಪ್ರೆಶನ್ ಬರೆದ್ರೆ ಓಡಿಸಿ ಉತ್ತರ ಹೇಳ್ತಿತ್ತು, ಟೈಪ್ ಏನು ಅಂದ್ರೆ ಟೈಪ್ ಹೇಳ್ತಿತ್ತು, 'ಪಾಯಿಂಟ್-ಫ್ರೀ ಮಾಡು' ಅಂದ್ರೆ ವೇರಿಯಬಲ್ ಎಲ್ಲಾ ತೆಗೆದು ಬರೆದು ಕೊಡ್ತಿತ್ತು. ಅದರಿಂದ ಆಗಿದ್ದೇನು ಅಂದ್ರೆ ನಿಮ್ಮ ಪ್ರಶ್ನೆ, ಅದರ ಉತ್ತರ, ಅದನ್ನ ಓಡಿಸಿ ನೋಡಿದ ಫಲಿತಾಂಶ ಮೂರೂ ಎಲ್ಲರ ಕಣ್ಣೆದುರಿಗೆ. ಸುಮ್ನೆ ಕೂತು ನೋಡ್ತಿದ್ದವರೂ ಕಲೀತಿದ್ರು. ನಾನು ಮೊದಲ ಆರು ತಿಂಗಳು ಒಂದಕ್ಷರ ಟೈಪ್ ಮಾಡಿಲ್ಲ, ಬರೀ ಓದಿದ್ದು.

ಇನ್ನು ಉಳಿಸ್ಕೊಳ್ಳೋದು. ಐಆರ್‌ಸಿ ಸರ್ವರ್ ಏನೂ ನೆನಪಿಟ್ಕೊಳ್ಳಲ್ಲ. ನಮ್ಮ ಕಂಪ್ಯೂಟರ್‌ನಲ್ಲಿರೋ ಕ್ಲೈಂಟ್ ಎಲ್ಲಾ ಸಾಲನ್ನೂ ಮಾಮೂಲಿ ಟೆಕ್ಸ್ಟ್ ಫೈಲಿಗೆ ಬರೀತಾ ಹೋಗತ್ತೆ. ಸ್ವಂತ ಕಂಪ್ಯೂಟರ್ ತಗೊಂಡ ದಿನದಿಂದ ನನ್ನ ಹತ್ರ ಆ ಫೈಲುಗಳು ಇನ್ನೂ ಇದಾವೆ. ಗ್ರೆಪ್ ಅನ್ನೋ ಹುಡುಕೋ ಕಮಾಂಡ್ ಹೊಡೆದ್ರೆ ಎರಡು ಸೆಕೆಂಡಲ್ಲಿ ಹದಿನೈದು ವರ್ಷದ ಹಿಂದಿನ ಮಾತು ಬರತ್ತೆ. ಈಗಿನ ಆ್ಯಪ್‌ಗಳಲ್ಲಿ ಎಲ್ಲಾ ಅವರ ಸರ್ವರ್‌ನಲ್ಲಿ, ಅವರು ತೋರಿಸಿದಷ್ಟೇ ನಮಗೆ.

ದೂರದ_ಕನ್ನಡಿಗ
ಸರ್, ನಿಮ್ಮ ಮೇಲೆ ಗೌರವ ಇದೆ ಆದ್ರೆ ಐಆರ್‌ಸಿನ ಇಷ್ಟು ಹೊಗಳೋದು ಒಪ್ಪಲ್ಲ. 1988ರಲ್ಲಿ ಹುಟ್ಟಿದ್ದು (ಅದೂ ಫಿನ್‌ಲ್ಯಾಂಡಿನ ಔಲು ಊರಲ್ಲೇ, ಅಲ್ಲಿನವರು ಇವತ್ತಿಗೂ ಚಾಟಲ್ಲಿ ಕೂತು ಸಹಾಯ ಮಾಡ್ತಿದ್ದಾರೆ ನೋಡಿ). ಲಾಗ್ (ಆ ಮಾತಿನ ದಾಖಲೆ) ಉಳಿಯೋದು ನೀವು ಕನೆಕ್ಟ್ ಆಗಿದ್ರೆ ಮಾತ್ರ. ಕರೆಂಟ್ ಹೋಯ್ತು, ನೆಟ್ ಹೋಯ್ತು, ಆ ಹೊತ್ತಲ್ಲಿ ಯಾರೋ ಉತ್ತರ ಕೊಟ್ರು, ಅದು ನಿಮಗೆ ಸಿಗೋದೇ ಇಲ್ಲ. ಬೌನ್ಸರ್ (ನಮ್ಮ ಪರವಾಗಿ ಯಾವಾಗ್ಲೂ ಕನೆಕ್ಟ್ ಆಗಿರೋ ಪ್ರೋಗ್ರಾಂ) ಹಾಕ್ಕೊಳ್ಳಿ ಅಂತಾರೆ, ಅದಕ್ಕೊಂದು ಸರ್ವರ್ ಬೇಕು. ಮೊಬೈಲಲ್ಲಿ ಕಲಿಯೋ ಹುಡುಗರಿಗೆ ಇದೆಲ್ಲಾ ಎಲ್ಲಿ ಆಗತ್ತೆ?

ಮತ್ತೆ ಫ್ರೀನೋಡ್ ಏನಾಯ್ತು ಅನ್ನೋದೂ ಹೇಳಿ. 2021ರ ಮೇ ತಿಂಗಳಲ್ಲಿ ಆಡಳಿತದ ಜಗಳ ಆಗಿ ಸ್ವಯಂಸೇವಕರೆಲ್ಲಾ ರಾಜೀನಾಮೆ ಕೊಟ್ಟು ಲಿಬೆರಾ ಅಂತ ಹೊಸ ನೆಟ್‌ವರ್ಕ್ ಕಟ್ಟಿದ್ರು, 'ನಾವು ಲಿಬೆರಾಗೆ ಹೋಗಿದೀವಿ' ಅಂತ ಬೋರ್ಡ್ ಹಾಕಿದ್ದ ನೂರಾರು ಚಾನೆಲ್‌ಗಳನ್ನ ಹಳೇ ನೆಟ್‌ವರ್ಕ್ ತನ್ನ ಕೈಗೆ ತಗೊಂಡ್ತು.

ಹಳೇ_ಐಆರ್‌ಸಿ
ಅದೇ ನಾನು ಹೇಳೋದು! ನೆಟ್‌ವರ್ಕೇ ಮುಳುಗಿದ್ರೂ ಹಾಸ್ಕೆಲ್ ಚಾನೆಲ್ ಕೆಲವೇ ದಿನದಲ್ಲಿ ಲಿಬೆರಾದಲ್ಲಿ ಮತ್ತೆ ತುಂಬ್ತು. ಅದೇ ಜನ, ಅದೇ ಬಾಟ್, ಅದೇ ಕ್ಲೈಂಟ್, ಸರ್ವರ್ ವಿಳಾಸ ಒಂದು ಬದಲಾಯಿಸಿದ್ದು ಅಷ್ಟೆ. ಅದೊಂದು ಮುಕ್ತ ಪ್ರೋಟೋಕಾಲ್, ಯಾವ ಕಂಪನಿಯ ಆ್ಯಪೂ ಅಲ್ಲ. ಇವತ್ತು ನಿಮ್ಮ ಡಿಸ್ಕಾರ್ಡ್ ಆ್ಯಪ್ ಬೇಡ ಅನ್ನಿಸಿದ್ರೆ ಹತ್ತು ವರ್ಷದ ಮಾತನ್ನ ಗಂಟು ಕಟ್ಕೊಂಡು ಬೇರೆ ಕಡೆ ಹೋಗೋಕಾಗತ್ತಾ ನೋಡೋಣ.

ದೂರದ_ಕನ್ನಡಿಗ
ಅದು ಒಪ್ತೀನಿ. ಆದ್ರೆ ಮೊಜಿಲ್ಲಾದವರು ತಮ್ಮ ಐಆರ್‌ಸಿ ಸರ್ವರ್‌ನ 2020ರ ಮಾರ್ಚಲ್ಲಿ ಮುಚ್ಚಿದ್ರು, ಅಷ್ಟರಲ್ಲಿ ಅಲ್ಲಿದ್ದ ರಸ್ಟ್ ಭಾಷೆಯ ತಂಡಗಳು ಡಿಸ್ಕಾರ್ಡ್, ಜುಲಿಪ್ ಅಂತ ಬೇರೆ ಚಾಟ್ ಆ್ಯಪ್‌ಗಳಿಗೆ ಹೋಗಿ ಆಗಿತ್ತು. ಹೊಸಬರು ಎಲ್ಲಿದ್ದಾರೋ ಭಾಷೆ ಅಲ್ಲಿಗೆ ಹೋಗ್ಬೇಕು. ಐಆರ್‌ಸಿ ಮಾತ್ರ ಅಂತ ಕೂತಿದ್ರೆ ರೂಮಲ್ಲಿ ನಾವು ನಾವೇ ಇರ್ತೀವಿ.

ಕರಾವಳಿ_ಕೋಡು
ಒಬ್ರು ಜುಲಿಪ್ ಹೆಸರು ತೆಗೆದ್ರಲ್ಲ, ಸದ್ಯ. ನಾನು ಅದನ್ನೇ ಹೇಳ್ಬೇಕು ಅಂತ ಕಾಯ್ತಾ ಇದ್ದೆ ಮಾರಾಯ್ರೆ.

ಸ್ಲ್ಯಾಕ್ ಅನ್ನುವ ಚಾಟ್ ಆ್ಯಪಿನ ಫ್ರೀ ಪ್ಲಾನಲ್ಲಿ ಮೊದ್ಲು ಕೊನೆಯ 10,000 ಮೆಸೇಜ್ ಮಾತ್ರ ಕಾಣ್ತಿತ್ತು, 2022ರ ಸೆಪ್ಟೆಂಬರಿಂದ ಅದು 90 ದಿನ ಆಯ್ತು, 2024ರ ಆಗಸ್ಟಿಂದ ಫ್ರೀ ಇರುವ ಕಡೆ ಒಂದು ವರ್ಷಕ್ಕಿಂತ ಹಳೆಯದನ್ನು ಅಳಿಸಿಯೇ ಬಿಡ್ತಾರೆ. ಅದು ಆಫೀಸಿಗೆ ಅಂತ ಮಾಡಿದ್ದು, ತಲೆಗೆ ಇಷ್ಟು ಅಂತ ದುಡ್ಡು. ಸಾವಿರಾರು ಜನ ಬಂದು ಹೋಗುವ ಊರ ಜಾತ್ರೆಗೆ ತಲೆ ಲೆಕ್ಕದಲ್ಲಿ ಯಾರು ಕೊಡುವುದು? ಕ್ಲೋಜರಿನವರು ಇದಕ್ಕೆ ಒಂದು ದಾರಿ ಹುಡುಕಿದ್ದಾರೆ, ಕ್ಲೋಜುರಿಯನ್ಸ್ ಅನ್ನುವ ಅವರ ಸ್ಲ್ಯಾಕ್ ಗುಂಪಿನ ಮಾತುಗಳ ಪ್ರತಿ ಅವರ ಜುಲಿಪಿಗೂ ಹೋಗ್ತದೆ, ಅಲ್ಲಿ ಹಳೆಯದು ಹುಡುಕಬಹುದು. ಪ್ರತ್ಯೇಕ ಲಾಗ್ ಸೈಟ್ ಕೂಡ ಉಂಟು.

ಜುಲಿಪಲ್ಲಿ ಒಂದು ವಿಷಯ ನನಗೆ ತುಂಬಾ ಇಷ್ಟ. ಪ್ರತಿ ಮಾತಿಗೂ ತಲೆಬರಹ ಹಾಕ್ಬೇಕು. ಮೊದ್ಲು ಕಿರಿಕಿರಿ ಆಗ್ತದೆ, ಇಲ್ಲ ಹೇಳುದಿಲ್ಲ. ಆದ್ರೆ ಮೂರು ದಿನ ಬಿಟ್ಟು ಬಂದ್ರೂ ಆ ತಲೆಬರಹದ ಅಡಿಯಲ್ಲೇ ಮಾತು ಮುಂದುವರಿಸಬಹುದು. ನೀವು ಮಲಗಿದಾಗ ಅಮೆರಿಕದವರು ಉತ್ತರ ಬರೆದಿರ್ತಾರೆ, ಬೆಳಿಗ್ಗೆ ಚಾ ಕುಡಿತಾ ಓದಬಹುದು. ಲೀನ್ ಭಾಷೆಯವರದ್ದು ನೋಡಿ, ಗಣಿತದ ಪ್ರೂಫ್ ಬರೆಯುವವರ ಊರು ಪೂರ್ತಿ ಜುಲಿಪಲ್ಲೇ, ಅದರ ಪ್ರತಿ ವೆಬ್ಬಲ್ಲಿ ಎಲ್ಲರಿಗೂ ಓದ್ಲಿಕ್ಕೆ ಸಿಗ್ತದೆ. ಲಾಗಿನ್ ಕೂಡ ಬೇಡ.

ಟೆಸ್ಟ್_ಬರೀರಿ
ಚಾಟ್ ಯಾಕೆ ಬೇಕು ಅನ್ನೋದೇ ನನಗೆ ಅರ್ಥ ಆಗಲ್ಲ. ಆಸ್ಕ್ ಕ್ಲೋಜರ್ ಅನ್ನೋ ಪ್ರಶ್ನೋತ್ತರ ಸೈಟ್ ಇದೆ, ಕ್ಲೋಜರ್‌ವರ್ಸ್ ಅನ್ನೋ ಫೋರಂ ಇದೆ. ಅಲ್ಲಿ ನೀಟಾಗಿ ಬರೆದು ಕೇಳಿ, ಶಾಶ್ವತವಾಗಿ ಉಳಿಯತ್ತೆ. ಚಾಟಲ್ಲಿ ಒಂದೇ ಪ್ರಶ್ನೆಗೆ ವರ್ಷಕ್ಕೆ ಇನ್ನೂರು ಸಲ ಉತ್ತರ ಕೊಟ್ಟು ಕೊಟ್ಟು ಹಳಬರು ಸುಸ್ತಾಗಿ ಬಿಟ್ಟು ಹೋಗ್ತಾರೆ.

ಹೊಸಬಿ_ತುಮಕೂರು
ನಾನು ಇಲ್ಲಿ ಮೊದಲನೇ ಸಲ ಬರೀತಿರೋದು. @ಟೆಸ್ಟ್_ಬರೀರಿ ಸರ್ ಹೇಳಿದ್ದಕ್ಕೆ ಉತ್ತರ ಕೊಡಲೇಬೇಕು ಅನ್ನಿಸ್ತು.

'ನೀಟಾಗಿ ಬರೆದು ಕೇಳಿ' ಅಂತೀರಲ್ಲ, ನೀಟಾಗಿ ಬರೆಯೋಕೆ ಗೊತ್ತಿದ್ರೆ ಅರ್ಧ ಉತ್ತರ ಗೊತ್ತಿದ್ದ ಹಾಗೆ. ನಾನು ಕನ್ನಡ ಮೀಡಿಯಂನಲ್ಲಿ ಓದಿದವಳು. ಒಂದು ಪ್ರಶ್ನೆ ಇಂಗ್ಲಿಷಲ್ಲಿ ಬರೆದು, ಗ್ರಾಮರ್ ಸರಿ ಇದೆಯಾ ಅಂತ ಐದು ಸಲ ನೋಡಿ, ಕೊನೆಗೆ ಅಳಿಸಿ ಹಾಕಿದ್ದು ಎಷ್ಟು ಸಲವೋ. ನನ್ನ ಹೆಸರಿನ ಜೊತೆ ಆ ಪ್ರಶ್ನೆ ಇಂಟರ್ನೆಟ್‌ನಲ್ಲಿ ಹತ್ತು ವರ್ಷ ಇರತ್ತೆ, ನಾಳೆ ಇಂಟರ್‌ವ್ಯೂ ಮಾಡೋರು ಹುಡುಕಿದ್ರೆ ಸಿಗತ್ತೆ ಅನ್ನೋ ಭಯ. ಚಾಟಲ್ಲಿ ಹಾಗಿಲ್ಲ. ಅರ್ಧಂಬರ್ಧ ಕೇಳಿದ್ರೂ ಯಾರೋ 'ಕೋಡ್ ಸ್ವಲ್ಪ ತೋರ್ಸಿ' ಅಂತಾರೆ, 'ಎರರ್ ಪೂರ್ತಿ ಹಾಕಿ' ಅಂತಾರೆ, ಹಾಗೇ ಕೈ ಹಿಡ್ಕೊಂಡು ನಡೆಸ್ತಾರೆ. ಕ್ಲೋಜುರಿಯನ್ಸ್‌ನ ಬಿಗಿನರ್ಸ್ ಚಾನೆಲ್‌ನಲ್ಲಿ ನಾನು ಕೇಳಿದ್ದು ಎಂಥಾ ಸಣ್ಣ ಪ್ರಶ್ನೆ ಅಂತ ಈಗ ಗೊತ್ತಾಗತ್ತೆ, ಅವತ್ತು ಯಾರೂ ನಗಲಿಲ್ಲ.

ಎಲ್ಲಾ ಮಾತೂ ದಾಖಲೆ ಆಗ್ಬೇಕು ಅಂತ ಮಾಡಿಬಿಟ್ರೆ ನನ್ನಂಥವರು ಬಾಯೇ ಬಿಡಲ್ಲ. ಅಳಿಸಿ ಹೋಗೋದರಲ್ಲಿ ಒಂದು ರಕ್ಷಣೆ ಇದೆ.

ಆವರಣ77
ಇದನ್ನ ನಾನು ಯೋಚ್ನೆನೇ ಮಾಡಿರ್ಲಿಲ್ಲ ಮೇಡಂ. ಲಾಗ್ ಎಲ್ಲಾ ಪಬ್ಲಿಕ್ ಆಗ್ಬೇಕು ಅಂತ ನಾನೇ ಎಷ್ಟೋ ಕಡೆ ವಾದ ಮಾಡಿದೀನಿ.

ಕರಾವಳಿ_ಕೋಡು
ನಿಜ. ಆದ್ರೆ ನಿಮಗೆ ಸಿಕ್ಕಿದ ಉತ್ತರ ನಿಮ್ಮ ಹಾಗೆ ಇನ್ನೊಬ್ಬರಿಗೂ ಬೇಕಲ್ಲವಾ? ಅವರು ಹುಡುಕುವಾಗ ಏನೂ ಸಿಗದಿದ್ರೆ?

ಹೊಸಬಿ_ತುಮಕೂರು
ಉತ್ತರ ಉಳೀಲಿ ಸರ್, ನಾನು ತಡವರಿಸಿದ್ದು ಉಳಿಯೋದು ಬೇಡ. ನಾನು ಏನ್ ಮಾಡ್ತೀನಿ ಅಂದ್ರೆ, ಅರ್ಥ ಆದ ಮೇಲೆ ಅದನ್ನ ನನ್ನ ಮಾತಲ್ಲಿ ಹತ್ತು ಸಾಲು ಬರೆದು ಒಂದು ಫೋಲ್ಡರ್‌ನಲ್ಲಿ ಇಡ್ತೀನಿ, ಮೇಲೆ ಎರರ್ ಮೆಸೇಜ್ ಇದ್ದಿದ್ದು ಇದ್ದಂಗೆ ಪೇಸ್ಟ್ ಮಾಡ್ತೀನಿ, ಯಾಕಂದ್ರೆ ನಾಳೆ ನಾನು ಹುಡುಕೋದು ಆ ಎರರ್ ಹಿಡ್ಕೊಂಡೇ. ಈಗ ಅರವತ್ತು ಚಿಲ್ಲರೆ ಆಗಿದಾವೆ. ಗಿಟ್‌ನಲ್ಲಿ ಇದೆ, ಪ್ರೈವೇಟ್.

ದೂರದ_ಕನ್ನಡಿಗ
ಪಬ್ಲಿಕ್ ಮಾಡಮ್ಮ! ಬರೆದಿರೋದು ಕನ್ನಡದಲ್ಲಾ?

ಹೊಸಬಿ_ತುಮಕೂರು
ಅರ್ಧ ಕನ್ನಡ ಅರ್ಧ ಇಂಗ್ಲಿಷ್. ಯೋಚ್ನೆ ಮಾಡ್ತೀನಿ ಅಣ್ಣ.

ಮಲೆನಾಡ್_ಮೋನಾಡ್
ಮಾತು ಇಲ್ಲಿಗೆ ಬಂತಲ್ಲ, ನಾನು ಬಹಳ ದಿನದಿಂದ ಹೇಳ್ಬೇಕು ಅಂತಿದ್ದೆ. ಕನ್ನಡದಲ್ಲೇ ಒಂದು ರೂಮ್ ಬೇಕು. ಹಾಸ್ಕೆಲ್, ಕ್ಲೋಜರ್, ಒಕ್ಯಾಮಲ್, ಎಲಿಕ್ಸರ್ ಎಲ್ಲಾ ಸೇರಿಸಿ ಒಂದೇ.

ಯಾಕೆ ಅಂತ ಒಂದು ಉದಾಹರಣೆ ಕೊಡ್ತೀನಿ. ಕ್ಲೋಜರ್‌ನಲ್ಲಿ "ಕನ್ನಡ" ಅನ್ನೋ ಸ್ಟ್ರಿಂಗ್‌ಗೆ ಕೌಂಟ್ ಹಾಕಿ ನೋಡಿ, 5 ಬರತ್ತೆ. ಕ, ನ, ಅರ್ಧಾಕ್ಷರ ಮಾಡೋ ಚಿಹ್ನೆ (್), ನ, ಡ. ಯೂನಿಕೋಡ್‌ನ ಗ್ರಾಫೀಮ್ ನಿಯಮದಲ್ಲಿ (ಅಕ್ಷರ, ಅದಕ್ಕಂಟಿದ ಚಿಹ್ನೆ ಸೇರಿ ಒಂದು) ಎಣಿಸಿದ್ರೆ 4, ಕ, ನ್, ನ, ಡ. ಒಂದನೇ ಕ್ಲಾಸಿನ ಮಗು ಎಣಿಸಿದ್ರೆ 3. ಇನ್ನು ಸ್ಟ್ರಿಂಗ್‌ನ ರಿವರ್ಸ್ ಮಾಡಿದ್ರಂತೂ ಒತ್ತಕ್ಷರ, ಸ್ವರಚಿಹ್ನೆ ಎಲ್ಲಾ ಬೇರೆ ಅಕ್ಷರಕ್ಕೆ ಹೋಗಿ ಅಂಟಿಕೊಳ್ಳತ್ತೆ. ನಾನು ಇದನ್ನ ಒಂದು ಚಾಟಲ್ಲಿ ಕೇಳಿದಾಗ ಒಳ್ಳೇ ಮನಸ್ಸಿನವರು ತುಂಬಾ ಪ್ರಯತ್ನ ಪಟ್ರು, ಆದ್ರೆ 'ಮೂರು ಯಾಕೆ' ಅನ್ನೋದನ್ನ ವಿವರಿಸೋಕೇ ನನಗೆ ಅರ್ಧ ಗಂಟೆ ಹಿಡೀತು. ಕನ್ನಡದವರ ಹತ್ರ ಆ ಅರ್ಧ ಗಂಟೆ ಉಳೀತಿತ್ತು.

ಟೆಸ್ಟ್_ಬರೀರಿ
ಬೇಡ. ಸಣ್ಣ ಭಾಷೆಯ ಜನ ಇರೋದೇ ಹಿಡಿಯಷ್ಟು. ಅದನ್ನೂ ಒಡೆದು ಕನ್ನಡ ರೂಮ್, ತಮಿಳು ರೂಮ್ ಅಂತ ಮಾಡಿದ್ರೆ ಪ್ರಶ್ನೆ ಕೇಳೋರು ಇರ್ತಾರೆ, ಉತ್ತರ ಹೇಳೋರು ಇರಲ್ಲ. ಖಾಲಿ ರೂಮಿಗೆ ಹೊಸಬ ಬಂದು 'ಯಾರಾದ್ರೂ ಇದ್ದೀರಾ' ಅಂತ ಕೇಳಿ, ಎರಡು ದಿನ ಕಾದು, ಭಾಷೆನೇ ಬಿಟ್ಟು ಹೋಗ್ತಾನೆ. ನಾನು ಅಂಥಾ ಒಂದು ಗ್ರೂಪ್ ನಡೆಸಿದೀನಿ. ಮೊದಲ ತಿಂಗಳು ಹಬ್ಬ, ಆರನೇ ತಿಂಗಳಿಗೆ ಬರೀ ಗುಡ್ ಮಾರ್ನಿಂಗ್ ಫೋಟೋ. ಬೇಜಾರಾಗತ್ತೆ ಅದನ್ನ ಮುಚ್ಚೋವಾಗ.

ಹಳೇ_ಐಆರ್‌ಸಿ
ಇವರು ಹೇಳೋದರಲ್ಲಿ ಸತ್ಯ ಇದೆ. ಚಾಟ್ ರೂಮಿನ ಪ್ರಾಣ ಇರೋದು ಉತ್ತರ ಹೇಳೋ ನಾಲ್ಕೈದು ಜನರಲ್ಲಿ. ಉಳಿದವರು ಎಷ್ಟಿದ್ರೂ ಆ ನಾಲ್ಕೈದು ಜನ ಹೋದ್ರೆ ದೀಪ ಆರಿದಂಗೆ.

ಮಲೆನಾಡ್_ಮೋನಾಡ್
ಹಾಗಾದ್ರೆ ಪ್ರತ್ಯೇಕ ಮನೆ ಬೇಡ, ಇರೋ ಮನೆಯಲ್ಲೇ ಒಂದು ಕೋಣೆ. ಕ್ಲೋಜರ್ ಸ್ಲ್ಯಾಕಲ್ಲಿ ಊರು, ದೇಶ, ಭಾಷೆ ಹೆಸರಿನ ಚಾನೆಲ್ ಎಷ್ಟೊಂದು ಇದಾವೆ. ಕನ್ನಡದಲ್ಲಿ ತೊಡಕು ಬಿಡಿಸ್ಕೊಂಡು, ಪ್ರಶ್ನೆ ಗಟ್ಟಿಯಾದ್ಮೇಲೆ ಪಕ್ಕದ ದೊಡ್ಡ ಕೋಣೆಗೆ ಹೋಗಿ ಇಂಗ್ಲಿಷಲ್ಲಿ ಕೇಳೋದು. ನಾವು ಇಬ್ಬರು ಸೇರಿ ಆ ಇಂಗ್ಲಿಷ್ ಬರೆದುಕೊಟ್ರೂ ಆಯ್ತಲ್ಲ.

ಹೊಸಬಿ_ತುಮಕೂರು
ಇದಾದ್ರೆ ನಾನು ಬರ್ತೀನಿ.

ಉಳ್ಳಾಗಡ್ಡಿ_ಹುಬ್ಬಳ್ಳಿ
ನಾನೂ ಬರ್ತೀನ್ರಿ. ಒಂದ ಮಾತು, ಯಾವ ಹೊತ್ತಿನ್ಯಾಗ ಕೇಳಿದ್ರ ಉತ್ತರ ಲಗೂ ಸಿಗ್ತೈತಿ? ನಾನು ಕೂಡೂದು ರಾತ್ರಿ ಹನ್ನೊಂದರ ಮ್ಯಾಲೆ.

ದೂರದ_ಕನ್ನಡಿಗ
ನಿಮ್ಮ ಸಂಜೆ 6ರಿಂದ ರಾತ್ರಿ 10 ಬಂಗಾರದ ಹೊತ್ತು. ಬೇಸಿಗೆಯಲ್ಲಿ ನಿಮಗೆ ರಾತ್ರಿ 8 ಅಂದ್ರೆ ಬರ್ಲಿನಲ್ಲಿ ಸಂಜೆ 4:30, ನ್ಯೂಯಾರ್ಕಲ್ಲಿ ಬೆಳಿಗ್ಗೆ 10:30. ಎರಡೂ ಕಡೆಯವರು ಎದ್ದಿರ್ತಾರೆ. ಹನ್ನೊಂದರ ಮೇಲೂ ಅಮೆರಿಕದವರು ಇರ್ತಾರೆ, ಯುರೋಪಿನವರು ಊಟಕ್ಕೆ ಎದ್ದು ಹೋಗಿರ್ತಾರೆ. ಮತ್ತೆ 'ಒಂದು ಪ್ರಶ್ನೆ ಕೇಳ್ಲಾ' ಅಂತ ಕೇಳಿ ಕಾಯ್ಬೇಡಿ. ನೇರ ಪ್ರಶ್ನೆ, ಕೋಡು, ಎರರ್, ಏನು ಆಗ್ಬೇಕಿತ್ತು, ನಾಲ್ಕೂ ಒಂದೇ ಮೆಸೇಜಲ್ಲಿ ಹಾಕಿ ಮಲಗಿ.

ಕರಾವಳಿ_ಕೋಡು
ಕೋಡಿನ ಫೋಟೋ ಹಾಕ್ಬೇಡಿ ಮಾತ್ರ. ಟೆಕ್ಸ್ಟ್ ಹಾಕಿ. ಫೋಟೋ ನೋಡಿ ಯಾರೂ ಟೈಪ್ ಮಾಡಿ ಓಡಿಸುದಿಲ್ಲ.

ಸಂತೆಪೇಟೆ
ಮಧ್ಯೆ ಬಾಯಿ ಹಾಕ್ತೀನಿ ಕ್ಷಮಿಸಿ, ಈ ಕ್ಲೋಜರ್ ಕಲಿತ್ರೆ ಕೆಲಸ ಸಿಗತ್ತಾ?

ಆವರಣ77
ಕಮ್ಮಿ ಇದಾವೆ, ಆದ್ರೆ ಇದಾವೆ. ಬ್ರೆಜಿಲ್‌ನ ನುಬ್ಯಾಂಕ್ ತನ್ನ ಬ್ಯಾಂಕ್‌ನ ಹೆಚ್ಚಿನ ಭಾಗ ಕ್ಲೋಜರ್ ಮೇಲೆ ಕಟ್ಟಿದೆ, ಕ್ಲೋಜರ್ ನೋಡ್ಕೊಳ್ತಿದ್ದ ಕಾಗ್ನಿಟೆಕ್ಟ್ ಕಂಪನಿನೂ 2020ರಲ್ಲಿ ಅವರೇ ತಗೊಂಡ್ರು. 2014ರಲ್ಲಿ ಬೆಂಗಳೂರಲ್ಲಿ ಫಂಕ್ಷನಲ್ ಕಾನ್ಫ್ ಅನ್ನೋ ಸಮ್ಮೇಳನ ಶುರುವಾಯ್ತು, ಅಂಥಾ ಕಡೆ ಹೋದ್ರೆ ಜನ ಸಿಗ್ತಾರೆ. ನನಗೆ ಸಿಕ್ಕ ಕೆಲಸ ಚಾಟಿಂದಾನೇ. ಯಾರೋ ಕೇಳಿದ ಪ್ರಶ್ನೆಗೆ ನಾನು ಉತ್ತರ ಹೇಳ್ತಿದ್ದೆ, ಅದನ್ನ ನೋಡ್ತಿದ್ದವರು ಕರೆದ್ರು. ರೆಸ್ಯೂಮೆ ಕೇಳಿದ್ದೇ ಸೇರೋ ಹಿಂದಿನ ವಾರ.

ಸಂತೆಪೇಟೆ
ಥ್ಯಾಂಕ್ಸ್ ಅಣ್ಣ.

ಉಳ್ಳಾಗಡ್ಡಿ_ಹುಬ್ಬಳ್ಳಿ
ನಡೀತ್ರಿ!! ರೆಡ್ಯೂಸ್ ಒಳಗ ತಗೊಂಡೆ, ಪ್ರಿಂಟ್ ತಗದೆ, ಎರರ್ ಇಲ್ಲ. ಮೊದಲು ಡೂಆಲ್ ಹಾಕಿ ನೋಡಿದೆ, @ಆವರಣ77 ಅವರು ಹೇಳಿದಂಗ ಮೆಮೊರಿ ತುಂಬಾಕ ಬಂತು, ಲ್ಯಾಪ್‌ಟಾಪ್ ಫ್ಯಾನ್ ಬಡಕೊಳ್ಳಾಕ ಹತ್ತಿತ್ತು. ರೆಡ್ಯೂಸಿನ್ಯಾಗ ಆರಾಮ ಮುಗೀತು.

@ಹೊಸಬಿ_ತುಮಕೂರು ಅಕ್ಕಾರ, ನೀವು ಹೇಳಿದಂಗ ಎರರ್ ಮ್ಯಾಲೆ ಇಟ್ಟು ಹತ್ತು ಸಾಲು ಬರ್ದೀನಿ, ರೇಷನ್ ಅಂಗಡಿ ಮಾತೂ ಹಾಕೀನಿ. ಆ ಫಿನ್‌ಲ್ಯಾಂಡಿನವರಿಗೂ ಒಂದು ಮೆಸೇಜ್ ಕಳಿಸಿದೆ, ಇನ್ನೊಂದು ಸಲ ಅದ ತಪ್ಪು ಮಾಡಿದ್ದೆ, ಈ ಸಲ ನಮ್ಮ ಕನ್ನಡದವ್ರು ಬಿಡಿಸಿಕೊಟ್ರು ಅಂತ. ಭಾಳ ಖುಷಿ ಪಟ್ರು, ಬರ್ದಿದ್ದನ್ನ ಇಂಗ್ಲಿಷ್ ಮಾಡಿ ಕಳಿಸು, ಹೊಸಬರಿಗೆ ಕೊಡ್ತೀನಿ ಅಂದಾರ. ಇಂಗ್ಲಿಷ್ ಯಾರರ ನೋಡಿಕೊಡ್ತೀರೇನ್ರಿ?

ಮಲೆನಾಡ್_ಮೋನಾಡ್
ಇಲ್ಲೇ ಹಾಕಿ, ನಾನು ನೋಡ್ತೀನಿ.

ಟೆಸ್ಟ್_ಬರೀರಿ
ನನಗೂ ಕಳ್ಸಿ. ಕೋಡ್ ಭಾಗ ನಾನು ಓಡಿಸಿ ನೋಡ್ತೀನಿ, ಒಂದು ಟೆಸ್ಟೂ ಬರೆದು ಕೊಡ್ತೀನಿ.

ಹೊಸಬಿ_ತುಮಕೂರು
ನನ್ನ ಫೋಲ್ಡರ್‌ನಲ್ಲೂ ಇದೇ ಎರರ್ ಬಗ್ಗೆ ಒಂದಿದೆ, ಆದ್ರೆ ಅದು ಡೇಟಾಬೇಸ್ ಕನೆಕ್ಷನ್‌ದು. ಅಲ್ಲೂ ಹೀಗೇ, ಕನೆಕ್ಷನ್ ಮುಚ್ಚಿದ ಮೇಲೆ ಸಾಲು ಕೇಳಿದ್ದೆ. ಅದೊಂದನ್ನ ಪಬ್ಲಿಕ್ ಮಾಡಿದೀನಿ ಈಗ. ಎರಡೂ ಜೋಡಿಸ್ಕೊಳ್ಳಿ.